ಗಂಟೆ ಹೊಡೆದ ಗಂಡು

ನನ್ನನ್ನು ನೋಡಲು ಬರುವ ಗಂಡು ಕಾರವಾರದ ಕಡೆಯ ಅಣು ವಿದ್ಯುತ್ ಸ್ಥಾವರದಲ್ಲಿ ಫಿಟ್ಟರ್ ಎಂದು ತಿಳಿದದ್ದೇ ತಡ, ಸೋದರತ್ತೆ ಬಿ.ಜಿ. ಕೆರೆಯಿಂದ ನಮ್ಮ ಹಟ್ಟಿಗೆ ಓಡಿ ಬಂದಳು. "ಅಲ್ಲಿ ಕೆಲ್ಸ ಮಾಡೋರ ಮೈ ಕತ್ತಲಾಗೆ ಹೊಳೀತೈತಂತೆ!" ಎಂದಳು. "ಹೋಗ್ಲಿ ಬಿಡು, ಸೀಮೆಎಣ್ಣೆ ಉಳೀತೈತೆ" ಎಂದಳು ನಮ್ಮವ್ವ.

ಅತ್ತೆಗೆ ನಗು ಬರಲಿಲ್ಲ. ನನ್ನನ್ನು ತನ್ನ ಮಗನಿಗೆ ತಂದುಕೊಳ್ಳುವ ಆಸೆ ಅವಳದು. ಆ ಮಹಾಶಯ ಹಗಲೆಲ್ಲ ಮಲಗಿ, ಎದ್ದು, ಸುಸ್ತಾಯಿತೆಂದು ಇನ್ನೊಮ್ಮೆ ಮಲಗುವ ಪೈಕಿ. ನನಗೋ, ಚಳ್ಳಕೆರೆಯ ಒಂದು ಮದುವೆಯಲ್ಲಿ ಪಾಯಸ ಬಡಿಸುತ್ತಿದ್ದ ಇದೇ ಫಿಟ್ಟರನನ್ನು ನೋಡಿದಂದಿನಿಂದ ಬೇರೆ ಯಾರೂ ಬೇಡವಾಗಿದ್ದರು. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ಆದರೆ ಹೂಂ ಎನ್ನಬೇಕಾದವನು ತಾತ. ಅವನು ದೇವರ ಎತ್ತುಗಳನ್ನು ಕಾಯುವ ಕಿಲಾರಿ. ಆ ಎತ್ತುಗಳ ರೊಪ್ಪಕ್ಕೆ ಸುತ್ತ ಜಾಲಿಮುಳ್ಳಿನ ಬೇಲಿ. ಯಾರೇ ಆಗಲಿ ಚಪ್ಪಲಿ ಬಿಟ್ಟು, ಕೈಕಾಲು ತೊಳೆದೇ ಒಳಗೆ ಹೋಗಬೇಕು. ಓಟು ಕೇಳಲು ಬಂದ ದೊಡ್ಡ ಮನುಷ್ಯರೊಬ್ಬರು ಬೂಟು ಬಿಚ್ಚಲು ಬೇಸರಪಟ್ಟು, ಬೇಲಿಯಾಚೆಯಿಂದಲೇ ಎತ್ತಿಗೆ ಕೈಮುಗಿದು ಹೋಗಿದ್ದರು.

ಊರಿಗೆ ಎಸ್‌ಟಿಡಿ ಬೂತು ಬಂದ ಹೊಸತು. ಬರುತ್ತೇವೆಂದು ಫೋನು ಮಾಡಿಯೇ ಫಿಟ್ಟರ್ ತನ್ನವ್ವನನ್ನು ಕರೆದುಕೊಂಡು ತನ್ನೂರು ನನ್ನಿವಾಳದಿಂದ ಬಂದ. ಕಂಬಳಿ ಹಾಸಿ, ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಟ್ಟೆವು. ನಾನು ಬಾಗಿಲ ಹಿಂದೆ ನಿಂತೆ.

"ಅಣುವಿನಾಗೆ ಕರೆಂಟು ಹೆಂಗ್ ಬರ್ತೈತಪ್ಪಾ?" ತಾತ ಶುರು ಮಾಡಿದ.

"ಅದರ ಬಿಸಿಗೆ ನೀರು ಕಾಯ್ತೈತೆ ತಾತ. ಆವಿ ಚಕ್ರ ತಿರುಗಿಸ್ತೈತೆ. ಚಕ್ರ ತಿರುಗಿದ್ರೆ ಕರೆಂಟು."

"ನೀರು ಕಾಸಾಕೆ ಇಷ್ಟೆಲ್ಲಾ ಕುಣಿದಾಟಾನಾ?" ತಾತನಿಗೆ ನಿರಾಸೆಯಾಯಿತು. "ಆ ಕರೆಂಟು ನಮ್ಮೂರಿಗ್ಯಾಕೆ ಬರಲ್ಲ?"

"ಬರ್ತೈತಲ್ಲ. ಊರ ಹಾಲೆಲ್ಲ ಒಂದೇ ಡೈರಿ ಕ್ಯಾನಿಗೆ ಬಿದ್ದಂಗೆ, ಎಲ್ಲಾ ಕಡೆ ಕರೆಂಟೂ ಒಂದೇ ತಂತಿಗೆ ಸೇರ್ತೈತೆ. ನಿಮ್ಮ ಫ್ಯಾನಿನಾಗೆ ನಮ್ದೂ ಒಂದು ತೊಟ್ಟು ಇರ್ತೈತೆ."

ಅಷ್ಟರಲ್ಲಿ ಫ್ಯಾನು ಗಕ್ಕನೆ ನಿಂತಿತು. "ನಿನ್ನ ತೊಟ್ಟು ಬತ್ತಿತು ನೋಡು" ಎಂದ ತಾತ. ಫಿಟ್ಟರ್ ಪೆಚ್ಚುಪೆಚ್ಚಾಗಿ ನಕ್ಕ.

ಅತ್ತೆ ಮಾತಿನ ನಡುವೆ ನುಗ್ಗಿದಳು. "ಅದೇನೋ ಸಿಡಿದ್ರೆ? ಮೈಗೆ ಹತ್ತಿದ್ರೆ?"

"ಏನಾರ ಹೆಚ್ಚುಕಮ್ಮಿ ಆದ್ರೆ ಆ ಅಣು ಒಲೆ ಆರಿಸೋ ಸರಳು ತಾವೇ ಒಳಕ್ಕಿಳೀತಾವೆ ಅತ್ತೆ. ಅವು ಕೈಕೊಟ್ರೆ ಇನ್ನೊಂದು ಏರ್ಪಾಡೈತೆ. ಬೇಲಿಯೊಳಗೆ ಬೇಲಿ. ನಾವು ಒಳಗೆ ಹೋಗೋ ಮುಂಚೆ ನಮ್ಮ ಬಟ್ಟೆ, ಚಪ್ಪಲಿ ಬಿಟ್ಟು ಅಲ್ಲಿ ಕೊಡೋವನ್ನೇ ಹಾಕ್ಕೋಬೇಕು. ಎದೆ ಮೇಲೆ ಒಂದು ಬಿಲ್ಲೆ ಇರ್ತೈತೆ, ಎಷ್ಟು ವಿಕಿರಣ ತಗುಲ್ತು ಅಂತ ತೋರಿಸಾಕೆ. ಮಿತಿ ಹತ್ರ ಬಂದೋರನ್ನ ಒಳಕ್ಕೇ ಬಿಡಲ್ಲ. ಹೊರಗೆ ಬರುವಾಗ ಮಿಷನ್ ಮುಂದೆ ನಿಂತು ಕೈಕಾಲು ತೋರಿಸ್ಬೇಕು. ಏನಾರ ಅಂಟಿದ್ರೆ ಗಂಟೆ ಹೊಡೀತೈತೆ. ತೊಳ್ಕೊಂಡು ಮತ್ತೆ ನಿಲ್ಬೇಕು."

"ದೊಡ್ಡ ಸಾಹೇಬ್ರೂನಾ?" ತಾತ ಕೇಳಿದ.

"ಅವರೂ. ಬೂಟು ಬಿಚ್ಚಲೇಬೇಕು."

ತಾತ ಆವತ್ತು ಮೊದಲ ಸಲ ತಲೆಯಾಡಿಸಿದ. ನನ್ನ ಎದೆ ಹಗುರಾಯಿತು. ಆದರೆ ಅತ್ತೆ ಬಿಡುವವಳಲ್ಲ. "ನಿಂಗೆ ಯಾವತ್ತಾರ ಹೊಡೆದೈತಾ ಆ ಗಂಟೆ?"

ಇಲ್ಲ ಅನ್ನು, ಇಲ್ಲ ಅನ್ನು ಎಂದು ನಾನು ಬಾಗಿಲ ಹಿಂದೆ ಮನೆದೇವರಿಗೆಲ್ಲ ಹರಕೆ ಹೊತ್ತೆ.

"ಒಂದ್ಸಲ ಹೊಡೆದೈತೆ" ಎಂದ ಅವನು. "ಉಗುರಿನ ಸಂದಿಯಾಗೆ ಇತ್ತು. ಮೂರು ಸಲ ತೊಳೆದೆ, ಆಮೇಲೆ ಹೋಯ್ತು. ಅಷ್ಟೊತ್ತಿಗೆ ಊರಿನ ಬಸ್ಸೂ ಹೋಯ್ತು."

"ಕೇಳಿಸ್ಕಂಡ್ಯೇನಪ್ಪಾ!" ಅತ್ತೆ ಗೆದ್ದವಳಂತೆ ತಾತನ ಕಡೆ ತಿರುಗಿದಳು. ಎಲಾ ಸತ್ಯವಂತನೇ, ನಿನ್ನ ಬಾಯಿಗೆ ಇನ್ನೊಂದು ಬಜ್ಜಿ ತುರುಕಬೇಕಿತ್ತು ಅನ್ನಿಸಿತು ನನಗೆ. ಸಿಟ್ಟಿನ ಜೊತೆಗೆ ಅಳುವೂ ಬಂತು. ಅತ್ತೆಯ ಮಗನ ಗೊರಕೆ ಈಗಲೇ ಕಿವಿಯಲ್ಲಿ ಶುರುವಾಗಿತ್ತು.

ತಾತ ಬಗ್ಗಿ ಅವನ ಉಗುರುಗಳನ್ನು ನೋಡಿದ. "ತೊಳೀದೆ ಹಂಗೇ ನುಸುಳಿ ಬಂದಿದ್ರೆ?" ಎಂದು ಕೇಳಿದ.

"ನಂಗೆ ಬಸ್ಸು ಸಿಗ್ತಿತ್ತು ತಾತ. ಆ ಕೊಳೆ ನಮ್ಮವ್ವನ ತಟ್ಟೆಗೆ ಬರ್ತಿತ್ತು."

ತಾತ ಅತ್ತೆಯ ಕಡೆ ತಿರುಗಿದ. "ಗಂಟೆ ಹೊಡೀತು ಅಂತ ತಾನೇ ಹೇಳೋನಿಗೆ ಹೆಣ್ಣು ಕೊಡಬೋದು ಕಣವ್ವ. ಹುಡುಗೀನ ಕೇಳ್ರಿ."

ಎಲ್ಲರೂ ಬಾಗಿಲ ಕಡೆ ನೋಡಿದರು. ಹೂಂ ಎಂದರೆ ಮುಗಿಯುತ್ತಿತ್ತು. ಆದರೆ ಗಂಡಿನ ಕಡೆಯವರಿಗೆ ನಾವು ಒಂದು ಸುಳ್ಳು ಹೇಳಿದ್ದೆವು.

"ನಾನು ಹತ್ತನೇ ಕ್ಲಾಸು ಪಾಸಲ್ಲ" ಎಂದೆ. "ಫೇಲು. ಗಣಿತದಾಗೆ."

ಅವ್ವ ಹಣೆ ಚಚ್ಚಿಕೊಂಡಳು. ಅತ್ತೆಯ ಮುಖ ಅರಳಿತು. ಅವನು ಬಾಗಿಲ ಕಡೆ ಸ್ವಲ್ಪ ಬಾಗಿದ.

"ಪರೀಕ್ಷೆ ಎಷ್ಟು ಸಲ ಕಟ್ಟಿದ್ರಿ?"

"ಒಂದೇ ಸಲ."

"ಹಂಗಾದ್ರೆ ಇನ್ನೂ ಎರಡು ಸಲ ತೊಳೆಯೋದೈತೆ" ಎಂದ.