ತಾಯಿಯ ಅಪ್ಪಣೆಗೆ ಮಲಗಿದ ಐನೂರು ಮೊಟ್ಟೆ

ಅದು 2022ರ ಜುಲೈ. ದೇವನಹಳ್ಳಿ ತಾಲ್ಲೂಕಿನ ಒಂದು ಖಾಸಗಿ ಬಿತ್ತನೆ ಕೋಠಿಯಲ್ಲಿ ನಾನು ತಾಂತ್ರಿಕ ಮ್ಯಾನೇಜರ್ ಆಗಿದ್ದೆ. ರೇಷ್ಮೆ ಚಿಟ್ಟೆಗಳಿಂದ ಮೊಟ್ಟೆ ಇಡಿಸಿ, ರೋಗ ಪರೀಕ್ಷೆ ಮಾಡಿ, ಬೆಳೆಗಾರರಿಗೆ ಕೊಡುವ ಜಾಗವೇ ಬಿತ್ತನೆ ಕೋಠಿ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಕೇಳಲಿ ಬಿಡಲಿ, ಇಪ್ಪತ್ತೆಂಟು ವರ್ಷದ ಅನುಭವ ಎಂದು ಎದುರಿಗಿದ್ದವರಿಗೆ ಹೇಳುವ ಚಟ ನನಗೆ ಅಂಟಿಕೊಂಡಿತ್ತು.

ಒಂದು ಗುರುವಾರ ಬೆಳಿಗ್ಗೆ ನಂದಗುಡಿ ಹೋಬಳಿಯ ರತ್ನಮ್ಮ ಫೋನ್ ಮಾಡಿದರು. ಅವರದು ಚಾಕಿ ಕೇಂದ್ರ. ಮೊಟ್ಟೆಯೊಡೆದ ಎಳೆ ಹುಳುಗಳನ್ನು ಎರಡನೆಯ ಜ್ವರ, ಅಂದರೆ ಎರಡನೆಯ ಸಲ ಪೊರೆ ಕಳಚುವ ಹಂತ, ದಾಟುವ ತನಕ ಸಾಕಿ, ಆಮೇಲೆ ಸುತ್ತಲಿನ ಬೆಳೆಗಾರರಿಗೆ ಹಂಚುವ ಕೆಲಸ. ಗಂಡ ಪಿಲ್ಲಗುಂಪೆಯ ಕಾರ್ಖಾನೆಗೆ ಹೋಗುತ್ತಿದ್ದರು. ಹಿಪ್ಪುನೇರಳೆ ತೋಟ, ಹುಳು ಮನೆ ಎಲ್ಲ ಈಕೆಯ ಹೆಗಲ ಮೇಲೆ.

"ಸಾರ್, ಮೊಟ್ಟೆಗೆ ಹನ್ನೆರಡು ದಿನ ಆಯ್ತು, ಒಂದು ಹುಳಾನೂ ಎದ್ದಿಲ್ಲ. ಮೊಟ್ಟೆ ಬಂದ ದಿನಾನೇ ಕಪ್ಪಗಿದ್ವು. ಆವತ್ತೇ ಫೋನ್ ಮಾಡಿ ಹೇಳಿದ್ದೆ ನಿಮ್ಗೆ."

ಹೇಳಿದ್ದು ನಿಜ. "ಕಪ್ಪಗಾದರೆ ಒಳ್ಳೇದೇ ಕಣಮ್ಮ, ಬೇಗ ಏಳ್ತಾವೆ" ಎಂದು ನಾನು ಫೋನ್ ಇಟ್ಟಿದ್ದೆ. ನಮ್ಮ ಮಿಶ್ರತಳಿಯ ಮೊಟ್ಟೆ ಹಳದಿ ಬಣ್ಣದ್ದು. ಎಂಟನೆಯ ದಿನ ಅದರೊಳಗೆ ಹುಳುವಿನ ತಲೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಆಗ ಬೆಳಕು ತಾಕದಂತೆ ಕಪ್ಪು ಬಟ್ಟೆ ಸುತ್ತಿಟ್ಟು, ಹತ್ತನೆಯ ದಿನ ಬೆಳಿಗ್ಗೆ ಬಿಚ್ಚಿದರೆ ಹುಳುಗಳೆಲ್ಲ ಒಟ್ಟಿಗೇ ಹೊರಬರುತ್ತವೆ. ಆದರೆ ರತ್ನಮ್ಮನ ಕೈಗೆ ಸೇರಿದಾಗ ಆ ಮೊಟ್ಟೆಗಳಿಗೆ ನಾಲ್ಕೇ ದಿನ. ನಾಲ್ಕನೆಯ ದಿನ ಕಪ್ಪಗಾಗುವ ಮಾತೆಲ್ಲಿಯದು? ನನ್ನ ಅನುಭವಕ್ಕೆ ಆ ಪ್ರಶ್ನೆ ಹೊಳೆಯಲೇ ಇಲ್ಲ.

ಮಧ್ಯಾಹ್ನ ಹೋದಾಗ ಐದು ಜನ ಬೆಳೆಗಾರರು ಜಗುಲಿಯ ಮೇಲೆ ಕೂತಿದ್ದರು. ಒಂದು ಚಿಟ್ಟೆ ಇಟ್ಟಷ್ಟಕ್ಕೂ ಸೇರಿಸಿ ನಮ್ಮಲ್ಲಿ ಒಂದು ಮೊಟ್ಟೆ ಎಂದೇ ಲೆಕ್ಕ. ಹಾಗೆ ಒಬ್ಬೊಬ್ಬರಿಗೆ ನೂರರಂತೆ ಐನೂರು ಮೊಟ್ಟೆ ಕೊಟ್ಟಿದ್ದೆವು. ಬೆಳೆಗಾರರ ಜೊತೆ ರತ್ನಮ್ಮನ ಮೈದುನ ಶ್ರೀನಿವಾಸನೂ ಇದ್ದ. ಜಮೀನು ಜಂಟಿ. ಹಿಪ್ಪುನೇರಳೆ ಕಿತ್ತು ಗೋಡೌನಿಗೆ ಜಾಗ ಕೊಡಬೇಕೆಂದು ಅವನ ಹಟ. ಹಿಂದಿನ ಬ್ಯಾಚು ಸೊರಗಿತ್ತು. ಈ ಬ್ಯಾಚೂ ಕೈಕೊಟ್ಟರೆ ತೋಟ ಬಿಟ್ಟುಕೊಡುತ್ತೇನೆಂದು ರತ್ನಮ್ಮ ಒಪ್ಪಿಬಿಟ್ಟಿದ್ದರಂತೆ. ಇದನ್ನು ಅವರೇ ನನ್ನನ್ನು ಬದಿಗೆ ಕರೆದು ಹೇಳಿದರು. ಹೇಳಿ, ಏನು ತಪ್ಪಾಯಿತೆಂದು ಕೇಳಿದರು.

ಹೊಸಕೋಟೆಯಲ್ಲಿ ನನಗೊಂದು ಮೀಟಿಂಗ್ ಇತ್ತು. ಆ ವಾರ ಅದು ನಾಲ್ಕನೆಯ ದೂರು, ತಲೆ ಕೆಟ್ಟುಹೋಗಿತ್ತು. ಜೇಬಿನಲ್ಲಿದ್ದ ಲೆನ್ಸ್ ಹೊರಗೆ ತೆಗೆಯಲಿಲ್ಲ. ಗೋಡೆಯ ಮೇಲಿನ ತೇವಾಂಶದ ಮೀಟರ್ ನೋಡಿದೆ, ಎಪ್ಪತ್ತು ತೋರಿಸುತ್ತಿತ್ತು. ಇರಬೇಕಾದದ್ದು ಎಂಬತ್ತು. ಸಿಕ್ಕಿತಲ್ಲ ಕಾರಣ! ಭೇಟಿ ಪುಸ್ತಕದಲ್ಲಿ "ತೇವಾಂಶದ ಕೊರತೆ, ನಿರ್ವಹಣೆ ಸರಿ ಇಲ್ಲ" ಎಂದು ಬರೆದು ಸಹಿ ಹಾಕಿದೆ.

"ಒದ್ದೆ ಗೋಣಿತಾಟು ದಿನಾ ಬದಲಾಯಿಸ್ತಿದ್ದೆ ಸಾರ್" ಎಂದರು ರತ್ನಮ್ಮ.

"ಮೀಟರ್ ಸುಳ್ಳು ಹೇಳುತ್ತಾ ಅಮ್ಮ?" ಎಂದೆ. ಪರೀಕ್ಷೆಗೆಂದು ಮೊಟ್ಟೆ ಅಂಟಿದ್ದ ಒಂದು ಕಾಗದದ ಹಾಳೆ ಬ್ಯಾಗಿಗೆ ಹಾಕಿಕೊಂಡು ಹೊರಟೆ.

ಆ ಹಾಳೆ ಭಾನುವಾರದವರೆಗೆ ಬ್ಯಾಗಿನಲ್ಲೇ ಇತ್ತು. ಸೋಮವಾರ ಲೆನ್ಸ್ ಕೆಳಗೆ ಇಟ್ಟು ನೋಡಿದೆ. ತೇವ ಸಾಲದೆ ಸತ್ತ ಮೊಟ್ಟೆ ಒಣಗಿ ಮಧ್ಯೆ ಗುಳಿ ಬೀಳಬೇಕು. ಇವು ಒಂದೊಂದೂ ದುಂಡಗೆ, ತುಂಬಿಕೊಂಡು, ಇಡೀ ಮೈ ಬೂದುಗಪ್ಪಾಗಿ ಇದ್ದವು. ತಲೆಯ ಚುಕ್ಕೆ ಯಾವುದರಲ್ಲೂ ಇಲ್ಲ. ಸತ್ತಿರಲಿಲ್ಲ, ನಿದ್ದೆ ಮಾಡುತ್ತಿದ್ದವು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚಳಿ ದೇಶಗಳಿಂದ ಬಂದ, ವರ್ಷಕ್ಕೆ ಎರಡೇ ಪೀಳಿಗೆ ಕಾಣುವ ದ್ವಿತಳಿ ರೇಷ್ಮೆ ಹುಳುವಿನ ಮೊಟ್ಟೆ ಸ್ವಲ್ಪ ಬೆಳೆದು ಹಾಗೇ ನಿಂತುಬಿಡುತ್ತದೆ. ಚಳಿಗಾಲ ಕಳೆದು ಸೊಪ್ಪು ಚಿಗುರುವ ತನಕ ಕಾಯುವ ಉಪಾಯ ಅದು. ಇದಕ್ಕೆ ಡಯಾಪಾಸ್ ಎಂದು ಹೆಸರು. ಸೋಜಿಗವೆಂದರೆ, ಮಲಗಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಮೊಟ್ಟೆಯಲ್ಲ, ಅದರ ತಾಯಿ. ತಾಯಿ ತಾನೇ ಮೊಟ್ಟೆಯೊಳಗಿದ್ದಾಗ ಕಂಡ ಶಾಖ, ಬೆಳಕು ಅವಳ ಮಿದುಳಿನಲ್ಲಿ ಉಳಿದಿರುತ್ತದೆ. ಅವಳು ಗೂಡಿನೊಳಗೆ ಕೋಶವಾಗಿರುವಾಗ ಮಿದುಳು ಅನ್ನನಾಳದ ಕೆಳಗಿನ ಒಂದು ನರಗಂಟಿಗೆ ಸೂಚನೆ ಕೊಡುತ್ತದೆ. ಅಲ್ಲಿಂದ ಒಂದು ಹಾರ್ಮೋನ್ ಹೊರಟು ಹೊಟ್ಟೆಯಲ್ಲಿ ಬೆಳೆಯುತ್ತಿರುವ ಮೊಟ್ಟೆಗಳನ್ನು ಸೇರುತ್ತದೆ. ಮಲಗಿ ಎಂಬ ಅಪ್ಪಣೆ ಅಷ್ಟೇ. ಇದರಲ್ಲಿ ತಂದೆಯ ಮಾತು ನಡೆಯುವುದಿಲ್ಲ. ನಮ್ಮ ಮೈಸೂರು ತಳಿಯ ತಾಯಿಯಾದರೋ ಇಂಥ ಅಪ್ಪಣೆ ಕೊಡುವವಳಲ್ಲ. ಅದಕ್ಕೇ ಮಿಶ್ರತಳಿಗೆ ಹೆಣ್ಣು ಮೈಸೂರಿನದು, ಗಂಡು ದ್ವಿತಳಿಯದು. ದ್ವಿತಳಿ ಹೆಣ್ಣು ಚಿಟ್ಟೆಗಳನ್ನು ನಮ್ಮಲ್ಲಿ ಎಸೆಯುವುದೇ ರೂಢಿ.

ಸೂಪರ್‌ವೈಸರ್ ಮಂಜುನಾಥನನ್ನು ಕರೆಸಿದೆ. ಪ್ಯಾಕಿಂಗ್ ವಿಭಾಗದಲ್ಲಿದ್ದವನು, ಈ ಕೆಲಸಕ್ಕೆ ಬಂದು ಮೂರೇ ತಿಂಗಳಾಗಿತ್ತು. ಆ ಬ್ಯಾಚು ಮೊಟ್ಟೆಯಿಟ್ಟ ಎರಡು ದಿನ ನಾನು ನೆಂಟರ ಮದುವೆಗೆಂದು ರಜೆ ಹಾಕಿದ್ದೆ.

"ಆವತ್ತು ಮೈಸೂರು ಹೆಣ್ಣು ಕಮ್ಮಿ ಬಿದ್ವು ಸಾರ್. ದ್ವಿತಳಿ ಹೆಣ್ಣು ರಾಶಿ ರಾಶಿ ಇದ್ವು, ಬಿಸಾಕೋಕೆ ಮನಸ್ಸಾಗ್ಲಿಲ್ಲ. ಮೈಸೂರು ಗಂಡು ಜೊತೆ ಬಿಟ್ಟೆ. ಹೆಂಗ್ ಬೆರೆಸಿದ್ರೂ ಮಿಶ್ರತಳೀನೇ ಅಲ್ವಾ ಸಾರ್? ಮೊಟ್ಟೇನೂ ಜಾಸ್ತಿ ಹಾಕಿದ್ವು."

ಕೂಗಾಡಿದೆ. ಹಾಗೆ ಬೆರೆಸಬಾರದೆಂದೇನಿಲ್ಲ, ಆದರೆ ಮೊಟ್ಟೆಯಿಟ್ಟ ಇಪ್ಪತ್ತು ಗಂಟೆಯ ಹೊತ್ತಿಗೆ ನಲವತ್ತಾರು ಡಿಗ್ರಿ ಬಿಸಿಯ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಐದು ನಿಮಿಷ ಅದ್ದಿ ತೆಗೆಯಬೇಕು. ಆಗ ತಾಯಿಯ ಅಪ್ಪಣೆ ರದ್ದಾಗಿ ಹತ್ತನೆಯ ದಿನ ಹುಳು ಬರುತ್ತದೆ. ಹೊತ್ತು ಮೀರಿದರೆ ತಿಂಗಳುಗಟ್ಟಲೆ ತಣ್ಣಗಿಡದೆ ಅವು ಏಳುವುದಿಲ್ಲ. ಒದ್ದೆ ಗೋಣಿತಾಟಿನಿಂದ ಆಗುವಂಥದ್ದೇನೂ ಇರಲಿಲ್ಲ.

ಮಂಜುನಾಥ ತಲೆ ತಗ್ಗಿಸಿಕೊಂಡು, "ಹೆಣ್ಣನ್ನ ಯಾಕೆ ಬಿಸಾಕ್ತೀವಿ ಅಂತ ಯಾರೂ ಹೇಳ್ಕೊಟ್ಟಿರ್ಲಿಲ್ಲ ಸಾರ್" ಎಂದ. ಹೇಳಿಕೊಡಬೇಕಾದವನು ನಾನೇ. ಅವನ ಮೇಲಿನ ಕೋಪ ಪೂರ್ತಿ ನನ್ನ ಮೇಲೆ ತಿರುಗಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿ, ಕೆಳಗೆ ಸಹಿಯನ್ನೂ ಮಾಡಿ ಬಂದಿದ್ದೆ.

ಮಾಲೀಕರಿಗೆ ತಿಳಿಸಿದರೆ, "ಬರೆದಿದ್ದು ಬರೆದಾಯ್ತಲ್ಲ, ಬಿಡ್ರೀ. ಹೊಸ ಮೊಟ್ಟೆ ಕೊಟ್ಟು ಸುಮ್ಮನಾಗಿ" ಎಂದರು. ನನಗೆ ಸುಮ್ಮನಿರಲು ಆಗಲಿಲ್ಲ. ಮಂಗಳವಾರ ಬೆಳಿಗ್ಗೆ ಬೇರೆ ಬ್ಯಾಚಿನ ಐನೂರು ಮೊಟ್ಟೆ ತೆಗೆದುಕೊಂಡು ಹೊರಟೆ. ತಪ್ಪು ನಮ್ಮದು ಎಂದು ಎಲ್ಲರೆದುರು ಹೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ತೋಟದ ಹತ್ತಿರ ಬೈಕ್ ನಿಲ್ಲಿಸಿದೆ. ತೋಟ ಇರಲಿಲ್ಲ. ಬೇರು ಮೇಲಾದ ಹಿಪ್ಪುನೇರಳೆ ಗಿಡಗಳು ಬದುವಿನ ಉದ್ದಕ್ಕೂ ರಾಶಿ ಬಿದ್ದಿದ್ದವು. ಎಲೆ ಇನ್ನೂ ಪೂರ್ತಿ ಬಾಡಿರಲಿಲ್ಲ. ಹಿಂದಿನ ದಿನ ಜೆಸಿಬಿ ಬಂದಿತ್ತು. ಬೆಳೆಗಾರರು ಬೇರೆ ಚಾಕಿ ಕೇಂದ್ರ ನೋಡಿಕೊಂಡಿದ್ದರು.

ರತ್ನಮ್ಮ ಹಸುವಿಗೆಂದು ಆ ರಾಶಿಯಿಂದ ಸೊಪ್ಪು ಆರಿಸುತ್ತಿದ್ದರು. ನಾನು ನಿಂತೇ ಎಲ್ಲ ಹೇಳಿದೆ: ಮಂಜುನಾಥ ಮಾಡಿದ್ದು, ನಾನು ಮಾಡದೇ ಬಿಟ್ಟದ್ದು. ಅವರು ಕೈಯಲ್ಲಿದ್ದ ಸೊಪ್ಪು ಕೆಳಗಿಡದೆ ಪೂರ್ತಿ ಕೇಳಿಸಿಕೊಂಡರು.

"ಹಂಗಾರೆ ನನ್ನ ತಪ್ಪಲ್ಲ."

"ಅಲ್ಲಮ್ಮ."

"ನೀವು ಬರೆದಿದ್ದನ್ನ ನನ್ನ ಮೈದುನ ಬೆಳೆಗಾರ್ರಿಗೆಲ್ಲ ಓದಿ ತೋರಿಸ್ದ. ದೊಡ್ಡೋರು ಬರೆದವ್ರೆ, ಇನ್ನೇನು ಮಾತಾಡ್ಲಿ ನಾನು?" ಸೊಪ್ಪನ್ನು ಕಂಕುಳಿಗೆ ಸೇರಿಸಿಕೊಂಡು ಮತ್ತೆ ಹೇಳಿದರು: "ಗೊತ್ತಿಲ್ಲ ಅಂತ ಬರೆದಿದ್ರೂ ಸಾಕಾಗಿತ್ತು ಸಾರ್. ಗೊತ್ತಾಗೋವರ್ಗೂ ತಡ್ಕೊತಿದ್ರು."

ಹೊಸ ಮೊಟ್ಟೆಯ ಪೆಟ್ಟಿಗೆ ಬೈಕಿನ ಮೇಲೇ ಇತ್ತು. ಅದನ್ನು ಇಳಿಸುವ ಮಾತು ಇಬ್ಬರೂ ಎತ್ತಲಿಲ್ಲ.

ಉಳಿದ ಎರಡು ವರ್ಷದಲ್ಲಿ ಮಂಜುನಾಥನಿಗೆ ಎಲ್ಲದಕ್ಕೂ ಯಾಕೆ ಎಂಬುದನ್ನು ಹೇಳಿಕೊಟ್ಟೆ. ಈಗ ನನಗಿಂತ ಚೆನ್ನಾಗಿ ಕೆಲಸ ಮಾಡುತ್ತಾನೆ. ಇನ್ನೊಂದು ಪಾಠ ನನಗೇ. ಯಾವ ದೂರಿಗೆ ಹೋದರೂ ಮೊದಲ ಭೇಟಿಯಲ್ಲಿ ಕಾರಣದ ಎದುರು "ಇನ್ನೂ ಗೊತ್ತಿಲ್ಲ" ಎಂದು ಬರೆಯತೊಡಗಿದೆ. ಇಷ್ಟು ವರ್ಷ ಅನುಭವವಿದ್ದು ಹೀಗೆ ಬರೆಯಲು ನಾಚಿಕೆಯಾಗುವುದಿಲ್ಲವೇ ಎಂದು ಮಾಲೀಕರು ಒಮ್ಮೆ ರೇಗಿದರು. ನಾಚಿಕೆಯಾಗುವಂಥದ್ದನ್ನು ಆಗಲೇ ಒಮ್ಮೆ ಬರೆದಾಗಿದೆ ಎಂದೆ.