ಘೋಡಗೇರಿಯ ಕಳ್ಳಿಬೇಲಿ

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ, ಹಿಂದಿನ ದಿನ ಸರಿಯಾಗಿ ನಿದ್ದೆ ಮಾಡಿದ್ದಿರಾ ಎಂದು ಮೊದಲು ಕೇಳುತ್ತಿದ್ದವನು ನಾನು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಹಮ್ಮು ಅದು ಎಂದರೂ ಸರಿ. ಕಣ್ಣು ಮೋಸ ಹೋಗುತ್ತದೆ, ನೆನಪು ಇನ್ನೂ ಹೆಚ್ಚು ಮೋಸ ಮಾಡುತ್ತದೆ ಎಂದು ಈಗಲೂ ನಂಬುತ್ತೇನೆ. ಆದ್ದರಿಂದ ಮುಂದೆ ಬರೆಯುವುದನ್ನು ನೀವು ನಂಬಲೇಬೇಕೆಂಬ ಒತ್ತಾಯವಿಲ್ಲ. ನನಗೇ ಅದು ಪೂರ್ತಿ ದಕ್ಕಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಓದು ಮುಗಿಸಿ ಗೋಕಾಕಕ್ಕೆ ಮರಳಿದ ನನಗೆ, ಹೊಲಗಳ ಸುತ್ತ ಹಸಿರುಬೇಲಿ ಬೆಳೆಸುವ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತ್ತು. ತಂತಿಬೇಲಿ ಬಂದಮೇಲೆ ಕಳ್ಳಿ, ಲಕ್ಕಿ, ಬಾರಿಕಂಟಿಗಳ ಹಳೆಯ ಬೇಲಿಗಳನ್ನು ಜನ ಕಿತ್ತುಹಾಕಿದ್ದರು. ಅವುಗಳಲ್ಲಿ ಬದುಕುತ್ತಿದ್ದ ಗೌಜಲಹಕ್ಕಿ, ಮುಂಗುಸಿಗಳೂ ಹೋಗಿದ್ದವು. ಉಳಿದ ಬೇಲಿಗಳ ಉದ್ದಕ್ಕೂ ನಡೆದು, ಕಂಡಿ ಬಿದ್ದಲ್ಲಿ ಕೆಂಪು ಬಟ್ಟೆ ಕಟ್ಟುವುದು, ಮಳೆಗಾಲದಲ್ಲಿ ಮೂಡಲಗಿಯ ನರ್ಸರಿಯಿಂದ ಸಸಿ ತಂದು ಆ ಕಂಡಿ ಮುಚ್ಚುವುದು ನಮ್ಮ ಕೆಲಸ. ಜೊತೆಗಿದ್ದವಳು ಕೌಜಲಗಿಯ ಶೈಲಾ, ಕುರಿ ಸಾಕುವ ಮನೆಯ ಹುಡುಗಿ. "ನಮ್ಮ ತಂಗಿ ಡಿಗ್ರಿ ಮಾಡಿ ಕಂಟಿ ಎಣಸಾಕ ಹೊಂಟಾಳ" ಎಂದು ಅವಳ ಅಣ್ಣ ಊರೆಲ್ಲ ನಗಾಡುತ್ತಿದ್ದ. "ನಿನ್ನ ಕುರಿಕಿಂತ ನನ್ನ ಕಂಟಿ ಚಲೋ, ಎಣಸೂದ್ರಾಗ ಓಡಿ ಹೋಗೂದಿಲ್ಲ" ಎಂದು ಇವಳು ತಿರುಗಿಸಿ ಕೊಡುತ್ತಿದ್ದಳು.

ಅವತ್ತು ಸೋಮವಾರ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ವಾರ. ಹೊಲಗಳು ಖಾಲಿ ಇರುವುದರಿಂದ ಬೇಲಿ ನೋಡಲು ನಾವು ಆ ದಿನವನ್ನೇ ಆರಿಸಿಕೊಳ್ಳುತ್ತಿದ್ದೆವು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಮಲ್ಲಪ್ಪ ಕಾಕಾ ಎಂಬ ರೈತರ ಹೊಲ. ಕಬ್ಬು ಕಡಿದಾಗಿತ್ತು. ಒಣಗಿದ ಸೋಗೆ, ಅಂದರೆ ನಮ್ಮವರು ರವದಿ ಎನ್ನುವುದು, ನೆಲದ ತುಂಬ ದಪ್ಪಗೆ ಹಾಸಿಕೊಂಡಿತ್ತು. ಪಡುವಣ ಅಂಚಿಗೆ ಆಳೆತ್ತರವನ್ನೂ ಮೀರಿದ ಕಳ್ಳಿಬೇಲಿ. ನಾನು ಒಂದು ತುದಿಯಿಂದ, ಶೈಲಾ ಇನ್ನೊಂದು ತುದಿಯಿಂದ ನೋಡುತ್ತ ಬಂದು ನಡುವೆ ಸೇರುವುದೆಂದು ಮಾತಾಗಿತ್ತು. ಮಧ್ಯಾಹ್ನದ ಊಟದ ಹೊತ್ತು ದಾಟಿತ್ತು. ಬಟ್ಟೆ ಕಟ್ಟುವಂಥ ಜಾಗ ನನಗೆ ಒಂದೂ ಸಿಕ್ಕಿರಲಿಲ್ಲ.

ಮೊದಲು ಚಟಪಟ ಸದ್ದು ಕೇಳಿಸಿತು. ಸೋಮವಾರ ಹೊಲದಲ್ಲಿ ಯಾರಿರುತ್ತಾರೆ ಎಂದುಕೊಂಡು ಕಾಕಾ ಮೂಡಣ ಬದುವಿನಲ್ಲಿ ರವದಿಗೆ ಬೆಂಕಿ ಹಚ್ಚಿದ್ದರು. ಗಾಳಿ ನಮ್ಮ ಕಡೆಗಿತ್ತು. ಬೆಂಕಿ ಜಿಗಿಜಿಗಿದು ಬಂತು. ನನ್ನ ಹಿಂದೆ ಬಂಡಿದಾರಿ ಇತ್ತು, ಓಡಿದ್ದರೆ ಪಾರಾಗುತ್ತಿದ್ದೆ. ಶೈಲಾಳ ಬೆನ್ನಿಗಿದ್ದದ್ದು ಪಕ್ಕದ ಹೊಲದ ಇನ್ನೂ ಕಡಿಯದ ಕಬ್ಬು. ಅದಕ್ಕೆ ಆಗಲೇ ಕಿಡಿ ತಗುಲಿತ್ತು. ಅವಳ ಹೆಸರು ಕೂಗುತ್ತ ಬೇಲಿಯ ಗುಂಟ ಒಳಕ್ಕೆ ಓಡಿದೆ.

ಸ್ವಲ್ಪ ಹೊತ್ತಿಗೇ ನನ್ನ ಕೈ ನನಗೆ ಕಾಣದಂಥ ಹೊಗೆ. ಹಿಂದಿನ ದಾರಿಯೂ ಬೆಂಕಿಯಿಂದ ಮುಚ್ಚಿಹೋಯಿತು. ಎದೆಗೆ ಉಸಿರು ಸಾಲದಾಯಿತು. ಆಗ ಮುಂದೆ ಅವಳ ಬೆನ್ನು ಕಂಡಿತು. ತಲೆಗೆ ಹಳದಿ ವೇಲು ಸುತ್ತಿಕೊಂಡು, ಅವಸರವೇ ಇಲ್ಲದವಳಂತೆ ನಡೆಯುತ್ತಿದ್ದಳು. ಕೂಗಿದೆ, ತಿರುಗಲಿಲ್ಲ. ಬೇಲಿಯ ಕಡೆ ಹೊರಳಿದಳು. ಅಲ್ಲೊಂದು ಕಂಡಿ, ಎತ್ತು ದಾಟುವಷ್ಟು ಅಗಲ. ಅವಳು ದಾಟಿದಳು, ಹಿಂದೆಯೇ ನಾನು ದಾಟಿದೆ. ಆಚೆಯ ಜೋಳದ ಹೊಲದಲ್ಲಿ ಮುಖ ಅಡಿಯಾಗಿ ಬಿದ್ದೆ.

ಕಣ್ಣು ಬಿಟ್ಟಾಗ ಶೈಲಾ ಪಕ್ಕದಲ್ಲಿ ಕೂತು ಕೆಮ್ಮುತ್ತಿದ್ದಳು.

"ಕಿವಿ ಅದಾವಿಲ್ರಿ ನಿಮಗ? ಹಿಂದಿಂದ ಅಷ್ಟ ಒದರಿದ್ನಿ, ಒಮ್ಮೆರ ತಿರುಗಿ ನೋಡಬಾರದ?"

"ನಾ ಎಲ್ಲಿ ಮುಂದಿದ್ನಿ? ನಿನ್ನ ಬೆನ್ನ ಹತ್ತಿ ಬಂದೇನಿ."

"ಚ್ಯಾಷ್ಟಿ ಮಾಡೂ ಹೊತ್ತೇನ್ರಿ ಸರ ಇದು? ನಿಮ್ಮ ಟೊಪಗಿ ನೋಡಕೋತನ ಬಂದೇನಿ ನಾ."

ತಲೆ ಮುಟ್ಟಿಕೊಂಡೆ. ಟೊಪ್ಪಿಗೆಯನ್ನು ಬೆಳಿಗ್ಗೆಯೇ ಬೈಕಿನ ಹ್ಯಾಂಡಲಿಗೆ ಸಿಕ್ಕಿಸಿ ಬಂದಿದ್ದೆ. ಅವಳ ವೇಲೂ ತಲೆಯ ಮೇಲಿರಲಿಲ್ಲ. ಹೊಗೆ ಕಂಡ ಕೂಡಲೇ ಬಾಟಲಿ ನೀರಿನಲ್ಲಿ ತೋಯಿಸಿ ಮೂಗು ಬಾಯಿಗೆ ಕಟ್ಟಿಕೊಂಡಿದ್ದಳಂತೆ. ಕುತ್ತಿಗೆಗೆ ಜಾರಿದ್ದ ಅದು ಇನ್ನೂ ಒದ್ದೆ ಇತ್ತು.

ಅಷ್ಟರಲ್ಲಿ ಕಾಕಾ ಹೊಲ ಸುತ್ತಿ ಓಡಿ ಬಂದರು. "ಸೋಮಾರ ಯಾರ ಇರ್ತಾರಂತ ಹಚ್ಚಿದ್ನೋ ತಮ್ಮಾ, ನನ್ನ ಕೈಲೆ ಎರಡ ಜೀವ ಹೋಗತಿದ್ವು" ಎಂದು ಹಣೆ ಬಡಿದುಕೊಂಡರು. ಹೇಗೆ ಬಂದಿರೆಂದು ಕೇಳಿದಾಗ ನಾನು ಬೇಲಿ ತೋರಿಸಿದೆ. ಅವರು ನನ್ನನ್ನೇ ನೋಡಿದರು. "ಈ ಕಳ್ಳ್ಯಾಗಿಂದ? ನಮ್ಮಜ್ಜ ಹಚ್ಚಿದ್ದೈತಿ ಇದು, ಬೆಕ್ಕ ದಾಟಂಗಿಲ್ಲ. ಹಾರಿ ಬಂದ್ರೇನ?"

ಮರುದಿನ ಇಬ್ಬರೂ ಬೇಲಿಯ ಎರಡೂ ಮಗ್ಗಲು ನೋಡಿದೆವು. ಬೆಂಕಿಯ ಕಡೆಯ ಕಳ್ಳಿ ಬಾಡಿತ್ತು, ಆದರೆ ಒಂದು ಕೊಂಬೆಯೂ ಮುರಿದಿರಲಿಲ್ಲ. ಕಳ್ಳಿ ಮುಟ್ಟಿದರೆ ಮುರಿಯುವ ಗಿಡ, ಮುರಿದರೆ ಹಾಲು ಸುರಿಸುತ್ತದೆ, ಹಾಲು ತಾಗಿದರೆ ಮೈಯಲ್ಲಿ ಬೊಬ್ಬೆ ಏಳುತ್ತವೆ. ನಮ್ಮ ಮೈಮೇಲೆ ಒಂದು ಬೊಬ್ಬೆಯೂ ಇರಲಿಲ್ಲ, ಮುಳ್ಳು ಗೀರಿದ ಗುರುತೂ ಇರಲಿಲ್ಲ. ಕಂಡಿಯಂತೂ ಎಲ್ಲೂ ಇರಲಿಲ್ಲ.

ಹೊಗೆ ಕುಡಿದ ಮಿದುಳು ಪರಿಚಯದ ಚಿತ್ರಗಳನ್ನೇ ಬಿಡಿಸುತ್ತದೆ ಎಂದು ನಾನು ವಾದಿಸಬಲ್ಲೆ. ವೇಲಿಗೆ, ಟೊಪ್ಪಿಗೆಗೆ ಅಷ್ಟು ಸಾಕು. ನಡೆದದ್ದನ್ನು ನಾನು ಸರಿಯಾಗಿ ಹೇಳುತ್ತಿದ್ದೇನೆಯೇ ಎಂಬ ಅನುಮಾನವೂ ಇದೆ. ಮೊದಮೊದಲು ಆ ಕಂಡಿಯನ್ನು ಒಬ್ಬ ಮನುಷ್ಯ ನುಸುಳುವಷ್ಟು ಎನ್ನುತ್ತಿದ್ದೆನಂತೆ, ಈಗ ಎತ್ತು ದಾಟುವಷ್ಟು ಎಂದು ಬರೆದೆ. ಶೈಲಾಳ ಮಾತು ಮಾತ್ರ ಒಮ್ಮೆಯೂ ಬದಲಾಗಿಲ್ಲ. ಆದರೆ ಎಷ್ಟು ವಾದಿಸಿದರೂ ನಾವಿಬ್ಬರೂ ಆಚೆ ಬದಿಗೆ ಬಂದೆವಲ್ಲ.

ಅಣ್ಣ ಎಷ್ಟು ಹೇಳಿದರೂ ಶೈಲಾ ಕೆಲಸ ಬಿಡಲಿಲ್ಲ. ನಾನೂ ಬಿಟ್ಟಿಲ್ಲ. ಆದರೆ ಒಬ್ಬರ ಹಿಂದೆ ಒಬ್ಬರು ನಡೆಯಬೇಕಾದ ಬದು ಬಂದಾಗ ಇಬ್ಬರೂ ನಿಂತುಬಿಡುತ್ತೇವೆ.

"ನಡೀರಿ ಸರ, ಮುಂದ."

"ನೀನ ನಡಿ."

ಕೊನೆಗೆ ಒಬ್ಬರು ಬದುವಿನ ಮೇಲೆ, ಇನ್ನೊಬ್ಬರು ಕೆಳಗೆ ಬೆಳೆಯಲ್ಲಿ ಕಾಲಿಟ್ಟು ಜೊತೆಜೊತೆಗೇ ಹೋಗುತ್ತೇವೆ. ಬೇಲಿ ಕಾಯುವವರೇ ಬೆಳೆ ತುಳಿದರೆ ಹೆಂಗ್ರಿ ಎಂದು ರೈತರು ಬೈಯುತ್ತಾರೆ. ತಪ್ಪಾಯಿತು ಎನ್ನುತ್ತೇವೆ, ಮತ್ತೆ ಹಾಗೆಯೇ ನಡೆಯುತ್ತೇವೆ.