ಅತ್ತೆಯ ಕಿಟಕಿ, ಎಲ್ಲರ ಲಿಫ್ಟು

ಡೊಂಬಿವಲಿಯ ನಮ್ಮ ಕಟ್ಟಡಕ್ಕೆ ನಾಲ್ಕು ಮಹಡಿ. ಲಿಫ್ಟ್ ಇರಲಿಲ್ಲ. ನಾವೆಲ್ಲ ಬಂದು ಸೇರಿದ ಕಾಲಕ್ಕೆ ಅದು ಯಾರಿಗೂ ಕೊರತೆ ಅನ್ನಿಸಿರಲಿಲ್ಲ. ಆಗ ಎಲ್ಲರದೂ ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ತರಕಾರಿ ಚೀಲ ಹಿಡಿದು ಹತ್ತುವ ವಯಸ್ಸು. ಎರಡು ಸಾವಿರದ ಹತ್ತನೇ ಇಸವಿ ದಾಟುವಷ್ಟರಲ್ಲಿ ಗೋಡೆಯ ಬಣ್ಣದ ಜೊತೆ ನಮ್ಮ ಮೊಣಕಾಲುಗಳೂ ಕೈಕೊಟ್ಟಿದ್ದವು.

ನಾಲ್ಕನೆಯ ಮಹಡಿಯಲ್ಲಿ ಒಬ್ಬ ಮರಾಠಿ ಆಜಿ ಇದ್ದರು. ಕಟ್ಟಡದ ಅರ್ಧ ಹೆಂಗಸರಿಗೆ ಹೊಲಿಗೆ ಕಲಿಸಿದವರು ಅವರೇ. ನನಗೂ ರವಿಕೆಗೆ ತೋಳು ಕೂರಿಸುವುದನ್ನು ಬಿಚ್ಚಿಸಿ ಬಿಚ್ಚಿಸಿ ಕಲಿಸಿದ್ದರು. ಸೊಂಟದ ಆಪರೇಷನ್ ಮುಗಿಸಿ ಬಂದ ದಿನ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಗಂಡಸರು ಹೊತ್ತು ಮೇಲಕ್ಕೆ ಮುಟ್ಟಿಸಿದರು. ಆಮೇಲೆ ಗಣಪತಿ ಬಂದು ಹೋಯಿತು, ದೀಪಾವಳಿಯೂ ಆಯಿತು, ಆಜಿ ಕೆಳಗಿಳಿಯಲಿಲ್ಲ. ಅವರ ಮಗಳು ಐರೋಲಿಯ ಆಫೀಸಿಗೆ ಹೋಗುವವಳು. ಬೆಳಿಗ್ಗೆ ಓಡುತ್ತ ಇಳಿಯುವಾಗ ಮೆಟ್ಟಿಲಲ್ಲಿ ಸಿಕ್ಕರೆ, "ಆಯಿ ದಿನವಿಡೀ ಟಿವಿಯವರ ಜೊತೆ ಜಗಳ ಆಡ್ತಿರ್ತಾಳೆ, ಬೇರೆ ಯಾರೂ ಸಿಗೋದಿಲ್ಲ ಅಲ್ವಾ" ಎಂದು ನಗುತ್ತಲೇ ಹೇಳುವಳು.

ಲಿಫ್ಟ್ ಹಾಕಿಸುವ ಮಾತು ಶುರುವಾದದ್ದು ಹೀಗೆ. ನೋಡಲು ಬಂದ ಇಂಜಿನಿಯರು ಕಟ್ಟಡವನ್ನು ಮೂರು ಸುತ್ತು ಹಾಕಿ, ಮುಂದುಗಡೆ ನೀರಿನ ಟ್ಯಾಂಕು, ಪಕ್ಕದಲ್ಲಿ ಗಟಾರ, ಆಗುವುದಾದರೆ ಹಿಂದಿನ ಪ್ಯಾಸೇಜಿನ ತುದಿಯಲ್ಲಿ ಮಾತ್ರ ಎಂದರು. ಆ ತುದಿಗೆ ಸರಿಯಾಗಿ ಇರುವುದು ಮೊದಲ ಮಹಡಿಯ ನಮ್ಮ ಅಡುಗೆಮನೆಯ ಕಿಟಕಿ. ಕಬ್ಬಿಣದ ಚೌಕಟ್ಟು ಎದ್ದು ತಗಡು ಹೊದಿಸಿದರೆ ಕಿಟಕಿ ಮುಚ್ಚಿಹೋಗುತ್ತದೆ. ನಮ್ಮ ನೇರ ಮೇಲಿನ ಮನೆಗಳವರ ಕಿಟಕಿಯೂ ಮುಚ್ಚುವುದೇ, ಆದರೆ ಅವರಿಗೆ ಬದಲಿಗೆ ಲಿಫ್ಟ್ ಸಿಗುತ್ತದೆ. ಮೊದಲ ಮಹಡಿಯವರಾದ ನಮಗೆ ಲಿಫ್ಟಿನಿಂದ ಏನಾಗಬೇಕು?

ಕಿಟಕಿ ನನ್ನದಾಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅದು ನನ್ನ ಅತ್ತೆಯದು. ಮಾವ ತೀರಿಹೋದ ಮೇಲೆ ಉಡುಪಿ ಕಡೆಯಿಂದ ಬಂದ ಅತ್ತೆ ಆ ಕಿಟಕಿಯ ಬುಡದಲ್ಲಿ ಒಂದು ಬೆತ್ತದ ಪೀಠ ಹಾಕಿಕೊಂಡು ಕುಳಿತವರು, ಏಳುವುದು ಊಟಕ್ಕೆ ಮತ್ತು ಮಲಗಲಿಕ್ಕೆ ಮಾತ್ರ. ಅವರ ಕಾಲೂ ಅಷ್ಟಕ್ಕಷ್ಟೇ. ತೊಂಡೆಕಾಯಿ ಹೆಚ್ಚುವುದು, ತೆಂಗಿನಕಾಯಿ ತುರಿಯುವುದು ಎಲ್ಲ ಅಲ್ಲೇ. ಹಿಂದಿನ ಗಲ್ಲಿಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾರ ಮನೆಗೆ ಹೊಸ ಫ್ರಿಜ್ ಬಂತು ಎಲ್ಲ ಅವರಿಗೆ ಗೊತ್ತು. ಮೀನಿನವಳು ಬಂದರೆ ಹಗ್ಗ ಕಟ್ಟಿದ ಚೀಲವನ್ನು ಇಳಿಬಿಟ್ಟು, ತುಳು ಸೇರಿಸಿದ ಮರಾಠಿಯಲ್ಲಿ ಬಂಗುಡೆಗೆ ಚೌಕಾಸಿ. "ತಾಜಾ ಆಹೇ, ಆಜಿ!" ಎಂದು ಅವಳು ಕೂಗಿದರೆ ಇವರು, "ಕಣ್ಣು ತೋರಿಸು ಮೊದಲು, ನಿನ್ನದಲ್ಲ, ಮೀನಿಂದು" ಎನ್ನುವರು. ಹೇಗೋ ಅವಳಿಗೆ ಅರ್ಥವಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಟೆರೇಸಿನಲ್ಲಿ ಸೊಸೈಟಿಯ ಸಭೆ. ಮೊದಲ ಮಹಡಿಯವರು ಒಪ್ಪದೆ ಕೆಲಸ ಆಗುವುದಿಲ್ಲ ಎಂದು ಸೆಕ್ರೆಟರಿ ಹೇಳಿ ಮುಗಿಸುವ ಮೊದಲೇ ನನ್ನ ಗಂಡ ಎದ್ದು ನಿಂತರು. "ನಮ್ಮ ಕಿಟಕಿಯಿಂದ ಇಡೀ ಬಿಲ್ಡಿಂಗಿಗೆ ಒಳ್ಳೆಯದಾಗುವುದಾದರೆ ತೆಗೆದುಕೊಳ್ಳಿ" ಎಂದರು. ಚಪ್ಪಾಳೆಯೋ ಚಪ್ಪಾಳೆ. ಆಜಿಯ ಮಗಳು ನನ್ನ ಕೈ ಹಿಡಿದು ಕಣ್ಣು ಒರೆಸಿಕೊಂಡಳು. ಅವಳ ಕೈ ಹಿಡಿದುಕೊಂಡೇ ನಾನು, ಕೆಳಗೆ ಕಿಟಕಿಯ ಬುಡದಲ್ಲಿ ಬಸಳೆ ಬಿಡಿಸುತ್ತ ಕುಳಿತಿದ್ದ ಅತ್ತೆಯನ್ನು ನೆನೆದೆ.

ನನ್ನ ಗಂಡ ಕೆಟ್ಟವರಲ್ಲ, ಅದನ್ನು ಇಲ್ಲೇ ಹೇಳಿಬಿಡಬೇಕು. ಠಾಣೆಯ ಹೋಟೆಲೊಂದರಲ್ಲಿ ಹುಡುಗನಾಗಿ ಸೇರಿ ಮ್ಯಾನೇಜರ್ ಆದವರು. ಕೊನೆಯ ಗಿರಾಕಿ ಕೈ ತೊಳೆದ ಮೇಲೆ ಕೆಲಸದವರು, ಕೆಲಸದವರು ಉಂಡ ಮೇಲೆ ತಾನು; ಸಾರು ತಳ ಕಂಡಿದ್ದರೆ ಮಜ್ಜಿಗೆ ಅನ್ನ. ಇದು ಅವರ ಧರ್ಮ. ಬಾಯಲ್ಲಿ ಹೇಳುವುದಷ್ಟೇ ಅಲ್ಲ, ಹಾಗೇ ಬದುಕಿದವರು. ಬೇರೆಯವರಿಗಾಗಿ ಬಿಟ್ಟುಕೊಡುವುದು ಅವರಿಗೆ ಉಸಿರಾಟದಷ್ಟು ಸಲೀಸು. ಆದ್ದರಿಂದಲೇ ಇರಬೇಕು, ತಾನು ಬಿಟ್ಟುಕೊಡುತ್ತಿರುವುದು ಯಾರ ಬಟ್ಟಲಿನಿಂದ ಎಂದು ತಿರುಗಿ ನೋಡುವ ಅಭ್ಯಾಸ ಅವರಿಗೆ ಆಗಿರಲಿಲ್ಲ.

ಊಟಕ್ಕೆ ಕುಳಿತಾಗ ಸಭೆಯ ಸುದ್ದಿಯನ್ನು ಅವರೇ ಸಂಭ್ರಮದಿಂದ ಹೇಳಿದರು. ನಮ್ಮ ಮಗಳು ಕಾಲೇಜಿನವಳು, ಇಲ್ಲೇ ಹುಟ್ಟಿದವಳು, ನಾವು ಏನು ಕೇಳಿದರೂ ಹಿಂದಿಯಲ್ಲಿ ಉತ್ತರ. ತಟ್ಟೆಯಿಂದ ತಲೆ ಎತ್ತದೆ, "ಪಪ್ಪಾ, ಅಜ್ಜಿ ಕೋ ಪೂಛಾ ಥಾ ಕ್ಯಾ?" ಎಂದಳು.

ಅತ್ತೆ ಗಂಜಿಯ ಬಟ್ಟಲು ಕೆಳಗಿಟ್ಟರು.

"ನನ್ನ ಹತ್ರ ಎಂತಕ್ಕೆ ಕೇಳುದು? ನಾನು ಎಂತ, ಕಿಟಕಿಗೆ ಹಾಕಿದ ಪರದೆಯಾ?"

"ಅಮ್ಮಾ, ಹಾಗಲ್ಲ..."

"ಹೇಗಲ್ಲ? ಮಗನೇ, ನಿನ್ನ ಸ್ಕೂಟರು ಕೊಡು ಊರಿಗೆಲ್ಲ. ನಾನು ಮಾತಾಡುದಿಲ್ಲ."

ಸಂಜೆಯವರೆಗೆ ಗಂಡ ಒಳಗೂ ಹೊರಗೂ ತಿರುಗಿದರು. ಕೊನೆಗೆ ತಾಯಿಯ ಮುಂದೆ ಬಂದು ನಿಂತು, "ನಾಳೆ ಸೆಕ್ರೆಟರಿಗೆ ಹೇಳಿ ಬರ್ತೇನೆ, ನಮಗೆ ಆಗುದಿಲ್ಲ ಅಂತ" ಎಂದರು. ಅವರ ಮುಖ ನೋಡಿ ನನಗೆ ಪಾಪ ಅನ್ನಿಸಿತು.

"ಈಗಲೂ ನೀನೇ ತೀರ್ಮಾನ ಮಾಡ್ತಿದ್ದೀಯಲ್ಲ ಮಾರಾಯ!" ಎಂದರು ಅತ್ತೆ. "ಸ್ವಲ್ಪ ತಡಿ. ನನಗೆ ಆ ಹೆಂಗಸನ್ನು ಒಮ್ಮೆ ನೋಡ್ಬೇಕು."

ಮರುದಿನ ನಾನೂ ಅತ್ತೆಯೂ ನಾಲ್ಕನೆಯ ಮಹಡಿಗೆ ಹೊರಟೆವು. ನಾನು ಸ್ಟೂಲ್ ಹಿಡಿದು ಮುಂದೆ, ಅತ್ತೆ ಕಂಬಿ ಹಿಡಿದು ಹಿಂದೆ. ಪ್ರತಿ ತಿರುವಿನಲ್ಲೂ ಸ್ಟೂಲ್ ಇಟ್ಟು ಕೂರಿಸುವುದು. ಮೂರನೆಯ ಮಹಡಿಯ ಗುಜರಾತಿ ಹೆಂಗಸು ಬಾಗಿಲಿಗೆ ಬಂದು ನೀರು ಕೊಟ್ಟಳು. "ಇದನ್ನು ದಿನಾ ಹತ್ತುವವರು ಮನುಷ್ಯರಾ, ಮಂಗಗಳಾ?" ಎಂದು ಅತ್ತೆ ಏದುಸಿರಿನಲ್ಲೇ ನನ್ನನ್ನು ಕೇಳಿದರು. ಆ ನೀರು ಕುಡಿದು ಮುಗಿಸುವಷ್ಟು ಹೊತ್ತು ಮೇಲಿನ ಮೆಟ್ಟಿಲುಗಳನ್ನೇ ನೋಡುತ್ತಿದ್ದರು.

ಆಜಿ ವಾಕರ್ ತಳ್ಳಿಕೊಂಡು ಬಂದು ಬಾಗಿಲು ತೆಗೆದರು. "ಬಸಾ, ಬಸಾ" ಎಂದು ಕೂರಿಸಿದರು. ಅವರ ಮನೆಯ ಕಿಟಕಿ ದೊಡ್ಡದು. ಗಾಳಿ, ಬೆಳಕು ಧಾರಾಳ. ಅತ್ತೆ ಎದ್ದು ಹೋಗಿ ಬಗ್ಗಿ ನೋಡಿದರು. ಕಂಡದ್ದು ಪಕ್ಕದ ಕಟ್ಟಡಗಳ ಟೆರೇಸು, ನೀರಿನ ಟ್ಯಾಂಕುಗಳು, ಮೇಲೆ ಆಕಾಶ. ಒಬ್ಬ ನರಮನುಷ್ಯ ಇಲ್ಲ.

"ಇಲ್ಲಿ ಮಾತಾಡಿಸ್ಲಿಕ್ಕೆ ಕಾಗೆ ಮಾತ್ರ" ಎಂದು ಅತ್ತೆ ನನಗೆ ತುಳುವಿನಲ್ಲಿ ಹೇಳಿದರು.

ಆಜಿಗೆ ಎಲ್ಲ ವಿಷಯ ಮಗಳಿಂದ ತಿಳಿದಿತ್ತು. ಚಹಾ ಕೊಟ್ಟ ಮೇಲೆ ಮರಾಠಿಯಲ್ಲಿ ನಿಧಾನವಾಗಿ, ನನ್ನ ಕಡೆ ನೋಡುತ್ತ ಹೇಳಿದರು: "ನಿನ್ನ ಅತ್ತೆಗೆ ಹೇಳು. ಅವರನ್ನು ಕತ್ತಲಲ್ಲಿ ಕೂರಿಸಿ ನನಗೆ ಲಿಫ್ಟ್ ಬೇಡ. ನಾನು ಊರೆಲ್ಲ ತಿರುಗಿ ಆಗಿದೆ."

ನಾನು ಹೇಳಿದೆ. ಅತ್ತೆ ಬಶಿಯಲ್ಲಿದ್ದ ಚಹಾ ಮುಗಿಸಿ, "ಇವರಿಗೊಬ್ಬರಿಗೆ ಕೊಡ್ತೇನೆ ಅಂತ ಯಾರು ಹೇಳಿದ್ದು? ಮೂರನೇ ಮಾಳಿಗೆಯವಳಿಗೂ ನಾಳೆ ಸೊಂಟ ಹೋಗ್ತದೆ. ನನ್ನ ಸೊಸೆಗೂ ಹೋಗ್ತದೆ, ಅವಳ ನಡಿಗೆ ನೋಡಿದ್ರೇ ಗೊತ್ತಾಗ್ತದೆ" ಎಂದರು. ಇದನ್ನು ನಾನು ಪೂರ್ತಿ ಅನುವಾದ ಮಾಡಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಮಗನನ್ನು ಕರೆದು ಕೂರಿಸಿಕೊಂಡರು. "ಕೊಡುವ. ಆದ್ರೆ ಕೊಡುದು ನೀನಲ್ಲ, ನಾನು. ಸೆಕ್ರೆಟರಿಗೆ ಹಾಗೇ ಹೇಳು. ಮತ್ತೆ ಇನ್ನೊಂದು. ಕಿಟಕಿ ಹೋದ ಮೇಲೆ ನಾನು ಗೊಣಗ್ತೇನೆ. ದಿನಾ ಗೊಣಗ್ತೇನೆ. ‘ನೀವೇ ಅಲ್ವಾ ಒಪ್ಪಿದ್ದು’ ಅಂತ ಯಾರಾದ್ರೂ ಬಾಯಿ ತೆಗೆದ್ರೆ ನೋಡಿ ಮತ್ತೆ!"

ಹಾಗೇ ನಡೆಯಿತು. ಕಬ್ಬಿಣ ಬಂತು, ವೆಲ್ಡಿಂಗಿನ ಕಿಡಿ ಹಾರಿತು, ಒಂದು ಮಧ್ಯಾಹ್ನ ತಗಡು ಎದ್ದು ಅಡುಗೆಮನೆ ಗವಿಯಾಯಿತು. ಹಗಲೂ ಟ್ಯೂಬ್‌ಲೈಟ್ ಉರಿಸಬೇಕು. ಅತ್ತೆಯ ಪೀಠವನ್ನು ಹಾಲಿಗೆ ತಂದಿಟ್ಟೆವು. ಅಲ್ಲಿಂದ ಎದುರು ಕಟ್ಟಡದಲ್ಲಿ ಒಣಹಾಕಿದ ಬಟ್ಟೆ ಕಾಣುತ್ತದೆ, ಅಷ್ಟೇ. ಅವರು ಮಾತು ತಪ್ಪಲಿಲ್ಲ, ದಿನಾ ಗೊಣಗಿದರು. ಉಪ್ಪು ಹೆಚ್ಚಾದರೆ ಕತ್ತಲೆಯ ದೆಸೆಯಿಂದ, ತೆಂಗಿನಕಾಯಿ ಕೊಳೆತಿದ್ದರೆ ತಗಡಿನ ದೆಸೆಯಿಂದ. ನಾವು ಯಾರೂ ಎದುರಾಡಲಿಲ್ಲ.

ಅಲ್ಲಿಯವರೆಗೆ ನಾನೂ, ಕೊಡುವವರು ನಗುನಗುತ್ತ ಕೊಡಬೇಕು, ಕೊಟ್ಟದ್ದನ್ನು ಮರೆತುಬಿಡಬೇಕು ಎಂದೇ ನಂಬಿದ್ದವಳು. ದೇವಸ್ಥಾನದ ಪ್ರವಚನಗಳಲ್ಲಿ ಕೇಳಿದ್ದು ಅದನ್ನೇ. ಮರೆಯಬಲ್ಲವರು ಮರೆಯಲಿ, ದೊಡ್ಡವರು. ಆದರೆ ಕಳೆದುಕೊಂಡದ್ದು ಎಷ್ಟು ಎಂದು ಚೆನ್ನಾಗಿ ಗೊತ್ತಿದ್ದು, ಪ್ರತಿದಿನ ಅದು ಚುಚ್ಚುತ್ತಿದ್ದೂ, ಒಮ್ಮೆಯೂ ಅದನ್ನು ವಾಪಸು ಕೇಳದವರನ್ನು ನಾನು ಮನೆಯಲ್ಲೇ ನೋಡಿದೆ. ಹತ್ತು ಜನಕ್ಕೆ ಒಳ್ಳೆಯದಾಗುವ ಕೆಲಸದಲ್ಲಿ ಹನ್ನೊಂದನೆಯವರಿಗೆ ನೋವಾಗಿದ್ದರೆ, ಅವರ ಗೊಣಗಾಟವನ್ನು ಕೇಳಿಸಿಕೊಳ್ಳುವುದು ಆ ಹತ್ತು ಜನರ ಪಾಲಿನ ಕೆಲಸ. ನನ್ನ ಗಂಡನೂ ಆಮೇಲೆ ಬದಲಾದರು. ಏನಾದರೂ ಬಿಟ್ಟುಕೊಡುವ ಮೊದಲು ಒಮ್ಮೆ ಮನೆಯತ್ತ ತಿರುಗಿ, "ಇದು ಯಾರದು?" ಎಂದು ಕೇಳುವುದನ್ನು ಕಲಿತರು.

ಲಿಫ್ಟಿಗೆ ಪೂಜೆಯಾದ ದಿನ ಆಜಿ ನಾಲ್ಕನೆಯ ಮಹಡಿಯಿಂದ ಹೊರಟವರು ನೇರ ಕೆಳಗಿಳಿಯದೆ ನಮ್ಮ ಮಹಡಿಯಲ್ಲಿ ನಿಲ್ಲಿಸಿದರು. ನಮ್ಮ ಮನೆಯ ಬಾಗಿಲು ತೆರೆದೇ ಇತ್ತು. ಅವರು ಒಳಗೆ ಬಂದು ಅಡುಗೆಮನೆಯ ಕತ್ತಲನ್ನು ನೋಡಿ, ವಾಕರ್ ಹಿಡಿದು ಅಲ್ಲೇ ನಿಂತರು. ಅತ್ತೆ ಸೆರಗು ಸರಿಮಾಡಿಕೊಂಡು, ಚಪ್ಪಲಿ ಹುಡುಕಿ, ತಾವೂ ಹೊರಟರು.

ಸ್ವಲ್ಪ ಹೊತ್ತು ಬಿಟ್ಟು ನಾನು ಇಳಿದು ನೋಡಿದೆ. ವಾಚ್‌ಮನ್ನನ ಬೆಂಚಿನಲ್ಲಿ ಇಬ್ಬರೂ ಕುಳಿತಿದ್ದರು. ಅತ್ತೆ ತಮ್ಮ ಮರಾಠಿಯಲ್ಲಿ ತಗಡನ್ನೂ ಟ್ಯೂಬ್‌ಲೈಟನ್ನೂ ಬೈಯುತ್ತಿದ್ದರು. ಆಜಿ ಅವರ ಮೊಣಕಾಲಿನ ಮೇಲೆ ಕೈಯಿಟ್ಟು, "ಹೋ ನಾ, ಖರಂ ಆಹೇ", ಹೌದು, ನಿಜ, ಎನ್ನುತ್ತ ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದರು.